ಮನೆಗೆ ಪರಿಮಳ: ಮೊದಲು ಕಿಟಕಿ, ಆಮೇಲೆ ಸೀಸೆ

ಸಿರುಗುಪ್ಪದ ಓದುಗರೊಬ್ಬರು ಕೇಳಿದ್ದಾರೆ: “ಅಂಗಡಿಯ ರೂಮ್ ಸ್ಪ್ರೇ ಹೊಡೆದರೆ ನಮ್ಮ ಅತ್ತೆಯವರಿಗೆ ಕೆಮ್ಮು ಬರುತ್ತದೆ. ಸುಗಂಧ ತೈಲಗಳಿಂದ ಮನೆಯಲ್ಲಿಯೇ ಅಂಥದ್ದನ್ನು ಮಾಡಿಕೊಳ್ಳಬಹುದೇ? ನೈಸರ್ಗಿಕವಾದ್ದರಿಂದ ತೊಂದರೆ ಇಲ್ಲವಷ್ಟೆ?”

ಮಾಡಿಕೊಳ್ಳಬಹುದು, ವಿಧಾನವೂ ಸುಲಭ. ಆದರೆ ತೊಂದರೆ ಇಲ್ಲವೆಂದು ಹೇಳಲಾರೆ. ಕೆಲವು ವರ್ಷಗಳ ಹಿಂದೆ ಕುರುಗೋಡು ಕಡೆಯಿಂದ ಎರಡು ವರ್ಷದ ಮಗುವೊಂದನ್ನು ನನ್ನಲ್ಲಿಗೆ ಕರೆತಂದಿದ್ದರು. ಕೂಲರಿನ ನೀರಿಗೆ ನಾಲ್ಕು ಹನಿ ಹಾಕಲೆಂದು ತಂದಿದ್ದ ನೀಲಗಿರಿ ಎಣ್ಣೆಯ ಸೀಸೆ ಕೂಲರಿನ ಪಕ್ಕದಲ್ಲೇ ಇತ್ತು. ಮಗು ಅದನ್ನು ಬಾಯಿಗೆ ಸುರಿದುಕೊಂಡಿತ್ತು. “ನೆಗಡಿಗೆ ಹಚ್ಚುವ ಎಣ್ಣೆ ತಾನೆ” ಎಂದು ಮನೆಯವರು ಅರ್ಧ ಗಂಟೆ ಕಾದಿದ್ದರು. ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡಿದ್ದರು. ದಾರಿಯಲ್ಲಿ ಫಿಟ್ಸ್ ಬಂತು. ಪ್ರಥಮ ಚಿಕಿತ್ಸೆ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದೆ. ಮಗು ಉಳಿಯಿತು, ಈಗ ಶಾಲೆಗೆ ಹೋಗುತ್ತದೆ.

ಗಿಡದ ಎಲೆ, ತೊಗಟೆ, ಬೇರುಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಆವಿಯಾಗುವ ಅಂಶವನ್ನು ಬಟ್ಟಿ ಇಳಿಸಿದಾಗ ಸುಗಂಧ ತೈಲ ಸಿಗುತ್ತದೆ. ಅಡುಗೆ ಎಣ್ಣೆಗೂ ಇದಕ್ಕೂ ಹೆಸರಿನಲ್ಲಷ್ಟೇ ಸಾಮ್ಯ. ಚಿಕ್ಕ ಮಕ್ಕಳಿಗೆ ಒಂದು ಟೀ ಚಮಚೆ ನೀಲಗಿರಿ ಎಣ್ಣೆಯೂ ಪ್ರಾಣಾಪಾಯ ತರಬಹುದು. ಕರ್ಪೂರವೂ ಹಾಗೆಯೇ. ದೊಡ್ಡವರೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಕ್ಷಿಣ ಭಾರತದ ಇತರ ಆಸ್ಪತ್ರೆಗಳೊಡನೆ ಸೇರಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರ್ಛೆ ಬಂದ 350 ಮಂದಿ ವಯಸ್ಕರ ಪೈಕಿ 55 ಮಂದಿಯಲ್ಲಿ ಇಂತಹ ತೈಲಗಳ ಸಂಬಂಧ ಕಂಡುಬಂದಿತ್ತು. ಕುಡಿದವರಷ್ಟೇ ಅಲ್ಲದೆ ಹಚ್ಚಿಕೊಂಡವರು, ಆಘ್ರಾಣಿಸಿದವರೂ ಅದರಲ್ಲಿದ್ದರು. ಮನೆಯಲ್ಲಿ ಮೂರ್ಛೆರೋಗದವರಿದ್ದರೆ ನೀಲಗಿರಿ, ಕರ್ಪೂರ ಎರಡನ್ನೂ ಈ ಕೆಲಸಕ್ಕೆ ಬಳಸಬೇಡಿ.

ಇನ್ನು ವಾಸನೆಯ ವಿಷಯ. ಕೆಟ್ಟ ವಾಸನೆ ಎಂದರೆ ಮನೆಯಲ್ಲಿ ಏನೋ ಸರಿಯಿಲ್ಲ ಎಂಬ ಸುದ್ದಿ. ಸುದ್ದಿ ತಂದವನ ಬಾಯಿ ಮುಚ್ಚಿಸುವ ಮುನ್ನ ಅವನು ಹೇಳುವುದನ್ನು ಕೇಳಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಮನೆಮನೆಯಲ್ಲೂ ಕೂಲರು ತಿರುಗುತ್ತದೆ. ಅದರಿಂದ ಮುಗ್ಗಲು ವಾಸನೆ ಬಂದರೆ ತೊಟ್ಟಿಯ ತಳದಲ್ಲಿ ಪಾಚಿ ಕಟ್ಟಿದೆ, ಹುಲ್ಲಿನ ಪ್ಯಾಡು ಕೊಳೆತಿದೆ ಎಂದರ್ಥ. ಅಲ್ಲಿಗೆ ಸೆಂಟು ಸುರಿದರೆ ಕೊಳೆ ಹೋಗುವುದಿಲ್ಲ, ಜೊತೆಗೆ ಫ್ಯಾನು ಆ ಸೆಂಟನ್ನು ರಾತ್ರಿಯಿಡೀ ಮಲಗಿದವರ ಮುಖಕ್ಕೆ ಊದುತ್ತದೆ. ವಾರಕ್ಕೊಮ್ಮೆ ನೀರು ಪೂರ್ತಿ ಖಾಲಿ ಮಾಡಿ ತೊಟ್ಟಿಯ ಗೋಡೆಗಳನ್ನು ತಿಕ್ಕಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದೂ ಅದೇ ನೀರಿನಲ್ಲಿ. ಬಚ್ಚಲು ನಾರುತ್ತಿದ್ದರೆ ಜಾಲರಿ ತೆಗೆದು ಕೂದಲು, ಸೋಪಿನ ಜಿಡ್ಡು ತೆಗೆಯಿರಿ. ಬಳಸದ ಬಚ್ಚಲಿನ ಕೊಳವೆಯ ಬಾಗಿನಲ್ಲಿ ನೀರು ಒಣಗಿದರೆ ಮೋರಿಯ ಗಾಳಿ ಒಳಗೆ ಬರುತ್ತದೆ. ಒಂದು ಬಕೆಟ್ ನೀರು ಸುರಿದರೆ ಸಾಕು.

ಕೆಲವು ವಾಸನೆಗಳನ್ನು ಮುಚ್ಚುವುದು ಜೀವಕ್ಕೇ ಅಪಾಯ. ಸಿರುಗುಪ್ಪದ ಕಡೆ ಭತ್ತದ ಚೀಲಗಳನ್ನು ಮನೆಯಲ್ಲೇ ಒಟ್ಟಿ, ಹುಳ ಹಿಡಿಯದಂತೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವವರಿದ್ದಾರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ. ಜನ ಮಲಗುವ ಮನೆಯಲ್ಲಿ ಆ ಗುಳಿಗೆ ಇಡಲೇಬಾರದು. ಅಡುಗೆ ಅನಿಲಕ್ಕಾದರೋ ಸ್ವಂತ ವಾಸನೆಯೇ ಇಲ್ಲವೆನ್ನಬಹುದು. ಸೋರಿಕೆ ಗೊತ್ತಾಗಲೆಂದೇ ದುರ್ವಾಸನೆ ಬೆರೆಸಿರುತ್ತಾರೆ. ಅಡುಗೆ ಮನೆಯಲ್ಲಿ ಸದಾ ಗಾಢ ಪರಿಮಳವಿದ್ದರೆ ಅದು ತಡವಾಗಿ ತಿಳಿದೀತು.

ಇಷ್ಟೆಲ್ಲ ನೋಡಿಯೂ ಮನೆಗೆ ಒಂದಿಷ್ಟು ಪರಿಮಳ ಬೇಕೆನಿಸಿದರೆ ತಪ್ಪಿಲ್ಲ. ಬಚ್ಚಲಿಗೆ: ಸಣ್ಣ ಗಾಜಿನ ಬಾಟಲಿಗೆ ನಾಲ್ಕು ಚಮಚೆ ಅಡುಗೆ ಸೋಡಾ ಹಾಕಿ, ಐದಾರು ಹನಿ ಮಜ್ಜಿಗೆ ಹುಲ್ಲಿನ ಎಣ್ಣೆ ಬೆರೆಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಎತ್ತರದಲ್ಲಿಡಿ. ಪರಿಮಳ ಇಳಿದ ಮೇಲೆ ಅದೇ ಸೋಡಾದಿಂದ ಬಚ್ಚಲು ತಿಕ್ಕಬಹುದು. ಪರದೆಗೆ: 100 ಮಿ.ಲೀ. ನೀರಿಗೆ ಹತ್ತು ಹನಿ ಎಣ್ಣೆ ಸಾಕು. ಎಣ್ಣೆ ನೀರಿನ ಮೇಲೆ ತೇಲುವುದರಿಂದ ಪ್ರತಿ ಸಲ ಅಲುಗಾಡಿಸಿ, ಕಿಟಕಿ ತೆರೆದಿಟ್ಟು ಚಿಮುಕಿಸಿ. ಎಣ್ಣೆ ಬೆರೆಯಲೆಂದು ಸ್ಪಿರಿಟ್ ಸೇರಿಸುವವರಿದ್ದಾರೆ. ದೇವರ ದೀಪದ ಬಳಿ, ಒಲೆಯ ಬಳಿ ಅಂಥದ್ದನ್ನು ಸಿಂಪಡಿಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕರಿದ ವಾಸನೆ ಕಾಡುವ ಅಡುಗೆ ಮನೆಯಲ್ಲಿ ನಿಂಬೆ ಸಿಪ್ಪೆ, ಎರಡು ಲವಂಗ, ಒಂದು ಚೂರು ದಾಲ್ಚಿನ್ನಿಯನ್ನು ನೀರಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಲಾವಂಚ ಮೇಲು. ಗ್ರಂಧಿಗೆ ಅಂಗಡಿಯಲ್ಲಿ ಬೇರಿನ ಕಟ್ಟು ಸಿಗುತ್ತದೆ. ತೊಳೆದು, ನೆನೆಸಿ ಗಾಳಿ ಬರುವ ಕಿಟಕಿಗೆ ತೂಗುಹಾಕಿ. ಒಣಗಿದರೆ ಮತ್ತೆ ನೀರು ಚಿಮುಕಿಸಿ, ವಾರಕ್ಕೊಮ್ಮೆ ಬಿಸಿಲಿಗಿಡಿ. ಪರಿಮಳ ಮೃದು, ಮಕ್ಕಳ ಕೈಗೆ ಸಿಗುವ ಸೀಸೆಯೂ ಇಲ್ಲ.

ಸುಗಂಧ ತೈಲವನ್ನು ಮಗು ಕುಡಿದಿದೆ ಎಂದು ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಹಾಲು, ಉಪ್ಪುನೀರು ಯಾವುದನ್ನೂ ಕುಡಿಸದೆ 108ಕ್ಕೆ ಕರೆಮಾಡಿ, ಸೀಸೆಯನ್ನೂ ಜೊತೆಗೆ ತನ್ನಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಇನ್ನು ನಿಮ್ಮ ಅತ್ತೆಯವರ ವಿಷಯ. ಸ್ಪ್ರೇಗೆ ಕೆಮ್ಮುವವರು ಸುಗಂಧ ತೈಲಕ್ಕೂ, ಊದುಬತ್ತಿ, ಲೋಬಾನದ ಹೊಗೆಗೂ ಕೆಮ್ಮಬಹುದು. ಮೆಣಸಿನಕಾಯಿ ಒಣಗಿಸುವ ಕಾಲದಲ್ಲಿ, ಒಲೆಯ ಹೊಗೆಯಲ್ಲಿ, ನಸುಕಿನ ತಂಪಿನಲ್ಲಿ ಕೂಡ ಅವರಿಗೆ ಕೆಮ್ಮು ಹೆಚ್ಚುತ್ತದೆಯೇ, ಎದೆಯಲ್ಲಿ ಸುಯ್ ಎನ್ನುತ್ತದೆಯೇ ನೋಡಿ. ಹೌದಾದರೆ ಅದು ಆಸ್ತಮಾ ಇರಬಹುದು. ಒಮ್ಮೆ ವೈದ್ಯರಲ್ಲಿ ತೋರಿಸಿ. ಅಲ್ಲಿಯವರೆಗೆ ಅವರು ಮಲಗುವ ಕೋಣೆಯಲ್ಲಿ ಯಾವ ಪರಿಮಳವೂ ಬೇಡ, ಲಾವಂಚವೂ ಬೇಡ.