ವಾಹನದ ಒಡೆತನ: ವೆಚ್ಚಗಣನೆಯ ಕ್ರಮ

ದಟ್ಟಗಳ್ಳಿಯಂತಹ ಮೈಸೂರಿನ ಬಡಾವಣೆಗಳಲ್ಲಿ ಸ್ಕೂಟರಿನ ವೆಚ್ಚವೆಂದರೆ ಪೆಟ್ರೋಲಿನ ಬೆಲೆಯೆಂದೇ ಎಣಿಸುವುದು ವಾಡಿಕೆ. ಈ ಎಣಿಕೆ ಅಪೂರ್ಣವಾದುದು. ಓಡಿದರೂ ಓಡದಿದ್ದರೂ ತೆರಬೇಕಾದ ಸ್ಥಿರವೆಚ್ಚವನ್ನೂ ಓಡಿದಂತೆಲ್ಲ ಬೆಳೆಯುವ ಚರವೆಚ್ಚವನ್ನೂ ನಾವು ಬೇರ್ಪಡಿಸಿ ನೋಡಬೇಕು.

ನಿದರ್ಶನಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ನೋಂದಣಿ, ಆಜೀವ ತೆರಿಗೆಗಳೂ ಸೇರಿ 1,00,000 ರೂಪಾಯಿಗೆ ಕೊಂಡ ಸ್ಕೂಟರು ಹತ್ತು ವರ್ಷಗಳ ತರುವಾಯ 20,000ಕ್ಕೆ ಮಾರಾಟವಾದರೆ ವಾರ್ಷಿಕ ಸವಕಳಿ 8,000. ತೊಡಗಿಸಿದ ಹಣದ ಸರಾಸರಿ 60,000; ಶೇಕಡ 6ರಂತೆ ಅದರಿಂದ ಬರಬಹುದಾಗಿದ್ದ ಬಡ್ಡಿ 3,600. ವಿಮೆಗೂ ವಾರ್ಷಿಕ ದುರಸ್ತಿಗೂ 4,400. ಒಟ್ಟು 16,000. ವರ್ಷಕ್ಕೆ 4,000 ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ 4 ರೂಪಾಯಿ. 8,000 ಓಡಿದರೆ 2 ಮಾತ್ರ. 100 ರೂಪಾಯಿಯ ಒಂದು ಲೀಟರು ಪೆಟ್ರೋಲಿಗೆ 50 ಕಿಲೋಮೀಟರು ಸಾಗುವುದಾದರೆ ಇನ್ನು 2 ರೂಪಾಯಿ ಕೂಡುತ್ತದೆ. ಕಡಿಮೆ ಓಡಿಸುವವರಿಗೆ 6, ಹೆಚ್ಚು ಓಡಿಸುವವರಿಗೆ 4 ಎಂದಾಯಿತು. ಆದುದರಿಂದ ಓಡಿದ ದೂರವನ್ನು ಹೇಳದ ಹೋಲಿಕೆಗೆ ಅರ್ಥವಿಲ್ಲ.

ಕೊಳ್ಳುವ ಮುನ್ನ ಬಸ್ಸಿನ ದರವನ್ನು ಈ ಪೂರ್ಣ ಮೊತ್ತದೊಡನೆ ಹೋಲಿಸತಕ್ಕದ್ದು; ಕೊಂಡ ಮೇಲೆ ಆಯಾ ದಿನದ ಪ್ರಯಾಣಕ್ಕೆ ಚರವೆಚ್ಚವೊಂದೇ ಗಣ್ಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದಾಗ, ಒಂದೇ ಮನೆಯಲ್ಲಿ ಗಂಡಸರ ಲೆಕ್ಕವೂ ಹೆಂಗಸರ ಲೆಕ್ಕವೂ ಬೇರೆಯಾದವು.

ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ಎಚ್ಚರ ಅಗತ್ಯ. 1961ರಿಂದ 1996ರವರೆಗೆ ಮೈಸೂರಿನಲ್ಲಿಯೇ ಮೋಟಾರು ಸೈಕಲುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯ ವಾಹನಗಳ ಬೆಲೆಯನ್ನು ಇಂದಿನ ಬೆಲೆಯ ಪಕ್ಕದಲ್ಲಿ ನೇರವಾಗಿ ಇರಿಸಲಾಗದು. ಅಂದಿನ ಬೆಲೆ ಅಂದಿನ ಎಷ್ಟು ತಿಂಗಳ ಸಂಬಳಕ್ಕೆ ಸಮವಾಗಿತ್ತೆಂಬುದೇ ತಕ್ಕ ಅಳತೆ.