ಒಂದೇ ಡಿಸ್ಕಿನಲ್ಲಿ ಎರಡು ಒಕ್ಕಲು

ಚನ್ನಪಟ್ಟಣ ತಾಲೂಕಿನ ಹೊಂಗನೂರಿನಂಥ ಊರಿನಿಂದ ಬಸ್ಸು ಹತ್ತಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಮಕ್ಕಳ ಲ್ಯಾಪ್‌ಟಾಪಿಗೆ ಎರಡು ಬಗೆಯ ಕೆಲಸ ಬೀಳುತ್ತದೆ. ಕಂಪ್ಯೂಟರ್ ಸೈನ್ಸ್ ಓದುವವರ ಆಪರೇಟಿಂಗ್ ಸಿಸ್ಟಂ ಲ್ಯಾಬಿಗೆ, ಶೆಲ್ ಪ್ರೋಗ್ರಾಮಿಗೆ ಲಿನಕ್ಸ್ ಬೇಕು. ಮನೆಯವರ ಅರ್ಜಿ, ಲೆಕ್ಕಪತ್ರ, ಹಳೆಯ ಕನ್ನಡ ಕಡತಗಳಿಗೆ ವಿಂಡೋಸ್ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ವಿಂಡೋಸಿಗೆಂದೇ ಬರೆದದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಫಾಂಟಿನ ಕಡತಗಳು ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಈಗಲೂ ಕೈಬದಲಾಗುತ್ತಿರುತ್ತವೆ. ನುಡಿಯ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನಲ್ಲೂ ಇರುವುದರಿಂದ ಹೊಸದಾಗಿ ಬರೆಯುವುದಕ್ಕೆ ಅಡ್ಡಿಯಿಲ್ಲ. ಹಳೆಯದನ್ನು ತೆರೆದು ತಿದ್ದಬೇಕಾದಾಗ ಮಾತ್ರ ವಿಂಡೋಸನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಇದರ ಜೊತೆಗೆ ಇನ್ನೊಂದು ಒತ್ತಡವೂ ಸೇರಿಕೊಂಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಗಟ್ಟಿಮುಟ್ಟಾಗಿಯೇ ಇರುವ ಎಷ್ಟೋ ಹಳೆಯ ಲ್ಯಾಪ್‌ಟಾಪುಗಳು ಈ ಗೆರೆಯ ಆಚೆ ಉಳಿದುಬಿಟ್ಟಿವೆ. ಅವುಗಳಲ್ಲಿ ಇಂಟರ್ನೆಟ್ ಕೆಲಸವನ್ನು ಲಿನಕ್ಸಿಗೆ ಬಿಟ್ಟು, ವಿಂಡೋಸನ್ನು ಹಳೆಯ ತಂತ್ರಾಂಶಗಳಿಗಷ್ಟೇ ಇಟ್ಟುಕೊಳ್ಳುವುದು ವಿವೇಕದ ದಾರಿ. ಕನ್ನಡಿಗರಿಗೆ ಲಿನಕ್ಸ್ ಹೊಸದೇನಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಕೇರಳದ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸಿನಿಂದ ರೂಪಿಸಿದ ವ್ಯವಸ್ಥೆಯಲ್ಲಿ. ಕರ್ನಾಟಕದಲ್ಲಿ 2011ರ ನಂತರ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು ಉಬುಂಟು ಕಲಿತಿದ್ದಾರೆ.

ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಡುವುದೆಂದರೆ ಡಿಸ್ಕನ್ನು ಪಾಲು ಮಾಡಬೇಕು. ಜನ ಹೆದರುವುದು ಈ ಪಾಲಿಗೆ. ಆದರೆ ಜಮೀನು ಪೋಡಿ ಮಾಡಿಸಿದ ಮನೆಗಳವರಿಗೆ ಒಂದು ವಿಷಯ ಗೊತ್ತಿರುತ್ತದೆ: ಹಿಸ್ಸೆ ಬಿದ್ದ ಹೊಲದಲ್ಲಿ ತಕರಾರು ಕಡಿಮೆ, ಹಿಸ್ಸೆಯಾಗದೆ ಉಳಿದ ಬಾವಿ, ಬದು, ಬಂಡಿದಾರಿಯಲ್ಲೇ ಹೆಚ್ಚು. ಡಿಸ್ಕಿನಲ್ಲೂ ಹಾಗೆಯೇ. ಗೆರೆ ಸರಿಯಾಗಿ ಬಿದ್ದಮೇಲೆ ವಿಂಡೋಸಿನ ಪಾಲಿಗೂ ಲಿನಕ್ಸಿನ ಪಾಲಿಗೂ ಜಗಳವಿಲ್ಲ. ತೊಂದರೆಯೆಲ್ಲ ಹುಟ್ಟುವುದು ಇಬ್ಬರಿಗೂ ಸೇರಿದ ಕೆಲವೇ ಜಾಗಗಳಲ್ಲಿ.

ಮೊದಲು ಗೆರೆಯ ವಿಚಾರ. ಹಾರ್ಡ್ ಡಿಸ್ಕಾಗಲಿ ಎಸ್‌ಎಸ್‌ಡಿಯಾಗಲಿ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಸೊನ್ನೆಯಿಂದ ಕ್ರಮಸಂಖ್ಯೆ ಹಾಕಿದ ಸಣ್ಣಸಣ್ಣ ಸೆಕ್ಟರುಗಳ ಉದ್ದನೆಯ ಸಾಲು. ಒಂದೊಂದು ಸೆಕ್ಟರಿನಲ್ಲಿ ಸಾಮಾನ್ಯವಾಗಿ 512 ಬೈಟ್. ಪಾರ್ಟಿಷನ್ ಎಂಬುದು ಡಿಸ್ಕಿನೊಳಗೆ ಎದ್ದ ಗೋಡೆಯಲ್ಲ. ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗೆ ಇಂಥವರದು ಎಂದು ಡಿಸ್ಕಿನ ಆರಂಭದಲ್ಲಿ ಬರೆದಿಟ್ಟ ದಾಖಲೆ, ಅಷ್ಟೆ. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು 10 ಎಂಬಿ ಡಿಸ್ಕಿನೊಂದಿಗೆ ಬಿಡುಗಡೆ ಮಾಡಿದಾಗ, ಡಾಸ್ 2.0 ಜೊತೆಗೆ ಈ ದಾಖಲೆಯ ಮೊದಲ ಮಾದರಿ ಬಂತು. ಅದೇ ಎಂಬಿಆರ್. ಅದಕ್ಕೆ ಸಿಕ್ಕ ಜಾಗ ಮೊಟ್ಟಮೊದಲ ಸೆಕ್ಟರ್ ಒಂದೇ. ಅದರ 512 ಬೈಟಿನಲ್ಲಿ 446 ಬೈಟ್ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಕೊನೆಯ ಎರಡು ಬೈಟ್ ಗುರುತಿಗೆ. ಪಟ್ಟಿಯ ಒಂದು ನಮೂದಿಗೆ 16 ಬೈಟ್ ಬೇಕಾದ್ದರಿಂದ ನಾಲ್ಕೇ ಮುಖ್ಯ ಪಾಲುಗಳಿಗೆ ಅವಕಾಶ. ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಬರೆಯುತ್ತಿದ್ದರಿಂದ ಸುಮಾರು 429 ಕೋಟಿ ಸೆಕ್ಟರಿನಾಚೆಗೆ, ಎಂದರೆ ಹತ್ತಿರಹತ್ತಿರ 2.2 ಟಿಬಿ ದಾಟಿದ ಮೇಲೆ, ಎಣಿಸುವುದಕ್ಕೇ ಆಗುತ್ತಿರಲಿಲ್ಲ. ಆ ಒಂದು ಸೆಕ್ಟರ್ ಕೆಟ್ಟರೆ ಇಡೀ ಡಿಸ್ಕಿನ ಚೆಕ್ಕುಬಂದಿಯೇ ಕಳೆದುಹೋದಂತೆ.

ಈಗಿನ ಯಂತ್ರಗಳಲ್ಲಿರುವುದು ಜಿಪಿಟಿ. ಯಂತ್ರವನ್ನು ಎಬ್ಬಿಸುವ ಹಳೆಯ ಬಯೋಸಿನ ಜಾಗಕ್ಕೆ ಬಂದ ಯುಇಎಫ್‌ಐ ಎಂಬ ಮಾನದಂಡದ ಭಾಗ ಅದು. ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗವಿದೆ, ಸಂಖ್ಯೆಗಳು 64 ಬಿಟ್‌ನವು. ಅದಕ್ಕಿಂತ ಮುಖ್ಯವಾದದ್ದು, ದಾಖಲೆಯ ಇನ್ನೊಂದು ಪ್ರತಿ ಡಿಸ್ಕಿನ ತುತ್ತತುದಿಯಲ್ಲೂ ಇರುತ್ತದೆ. ಎರಡಕ್ಕೂ ತಾಳೆ ನೋಡುವ ಮೊತ್ತವೊಂದು ಅಂಟಿಕೊಂಡಿರುವುದರಿಂದ ಒಂದು ಪ್ರತಿ ಹಾಳಾದರೆ ಅದು ಗೊತ್ತಾಗುತ್ತದೆ, ಇನ್ನೊಂದರಿಂದ ಸರಿಪಡಿಸಲೂ ಬರುತ್ತದೆ. ಹಾಗಾಗಿ ಕೆಲಸ ಶುರುಮಾಡುವ ಮುನ್ನ ಡಿಸ್ಕ್ ಎಂಬಿಆರೋ ಜಿಪಿಟಿಯೋ ಎಂದು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿಕೊಳ್ಳಬೇಕು. ವಿಂಡೋಸ್ ಯಾವ ವಿಧಾನದಲ್ಲಿ ಎದ್ದೇಳುತ್ತಿದೆಯೋ ಅದೇ ವಿಧಾನದಲ್ಲಿ ಲಿನಕ್ಸ್ ಹಾಕಲು ಸಿದ್ಧಮಾಡಿದ ಪೆನ್‌ಡ್ರೈವನ್ನೂ ಎಬ್ಬಿಸಬೇಕು. ಒಂದು ಯುಇಎಫ್‌ಐನಲ್ಲಿ, ಇನ್ನೊಂದು ಹಳೆಯ ಬಯೋಸ್ ಕ್ರಮದಲ್ಲಿ ನಿಂತರೆ ಎರಡೂ ಒಂದೇ ಮೆನುವಿನಲ್ಲಿ ಸಿಗುವುದು ಕಷ್ಟ.

ದಾಖಲೆ ತಿದ್ದುವುದು ಕ್ಷಣದ ಕೆಲಸ. ನಿಜವಾದ ಅಪಾಯ ಇರುವುದು ವಿಂಡೋಸಿನ ಪಾಲನ್ನು ಕುಗ್ಗಿಸುವಲ್ಲಿ. ಜಮೀನಿನಲ್ಲಿ ಗೆರೆ ಸರಿದರೂ ತೆಂಗಿನ ಮರ ಇದ್ದಲ್ಲೇ ಇರುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಬಿಟ್ಟುಕೊಡುವ ಭಾಗದಲ್ಲಿರುವ ಕಡತಗಳ ತುಣುಕುಗಳನ್ನೆಲ್ಲ ಎತ್ತಿ ಉಳಿಯುವ ಭಾಗಕ್ಕೆ ಸಾಗಿಸಬೇಕು, ಯಾವ ತುಣುಕು ಎಲ್ಲಿದೆ ಎಂಬ, ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಒಳಲೆಕ್ಕವನ್ನೂ ಬದಲಿಸಬೇಕು. ಈ ಸಾಗಾಟದ ನಡುವೆ ಕರೆಂಟು ಹೋದರೆ ಲೆಕ್ಕ ಒಂದು ಹೇಳುತ್ತದೆ, ಕಡತ ಇನ್ನೆಲ್ಲೋ ಇರುತ್ತದೆ. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಸಿಕ್ಕಿಸಿರಬೇಕು. ಮೇಜಿನ ಮೇಲಿನ ಕಂಪ್ಯೂಟರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಕುಗ್ಗಿಸುವುದನ್ನು ವಿಂಡೋಸಿನ ಸ್ವಂತ ಉಪಕರಣದಿಂದಲೇ ಮಾಡುವುದು ಲೇಸು, ತನ್ನ ಮನೆಯ ಸಾಮಾನು ಎಲ್ಲಿದೆಯೆಂದು ಅದಕ್ಕೇ ಚೆನ್ನಾಗಿ ಗೊತ್ತು. 200 ಜಿಬಿ ಖಾಲಿಯಿದ್ದರೂ ಕೆಲವೊಮ್ಮೆ ಸ್ವಲ್ಪವೇ ಬಿಟ್ಟುಕೊಡುತ್ತೇನೆ ಎಂದು ಅದು ಹಟಹಿಡಿಯುವುದುಂಟು. ಪೇಜ್ ಫೈಲ್, ಹೈಬರ್ನೇಷನ್ ಫೈಲಿನಂಥ ಕದಲಿಸಲಾಗದ ಕಡತಗಳು ನಡುವೆ ಕುಳಿತಿರುವುದೇ ಅದಕ್ಕೆ ಕಾರಣ. ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಜಾಗ ಬಿಡುತ್ತದೆ.

ಇನ್ನು ಹಿಸ್ಸೆಯಾಗದೆ ಉಳಿದ ಜಾಗಗಳು. ಮೊದಲನೆಯದು ಇಎಸ್‌ಪಿ ಎಂಬ ಚಿಕ್ಕ ಪಾರ್ಟಿಷನ್. 100 ಎಂಬಿಯಿಂದ ಕೆಲವು ನೂರು ಎಂಬಿವರೆಗಿನ ಈ ಜಾಗದಲ್ಲಿ ಎರಡೂ ವ್ಯವಸ್ಥೆಗಳನ್ನು ಎಬ್ಬಿಸುವ ಕಡತಗಳು ಬೇರೆಬೇರೆ ಫೋಲ್ಡರುಗಳಲ್ಲಿ ಒಟ್ಟಿಗೆ ಇರುತ್ತವೆ. ಲಿನಕ್ಸ್ ಹಾಕುವಾಗ ಇರುವ ಇಎಸ್‌ಪಿಯನ್ನೇ ಬಳಸಬೇಕು, ಮರೆತೂ ಫಾರ್ಮ್ಯಾಟ್ ಮಾಡಬಾರದು. ಮಾಡಿದರೆ ವಿಂಡೋಸಿನ ಕಡತಗಳೆಲ್ಲ ಸುರಕ್ಷಿತವಾಗಿದ್ದೂ ವಿಂಡೋಸ್ ಏಳುವುದಿಲ್ಲ. ಯಂತ್ರ ಏಳುವ ದಾರಿ ಇಬ್ಬರಿಗೂ ಒಂದೇ ಆಗಿರುವುದರ ಫಲ 2024ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಕಂಡಿತು. ಗ್ರಬ್ ಎಂಬ ಲಿನಕ್ಸ್ ಬೂಟ್‌ಲೋಡರಿನ ಹಳೆಯ ದೋಷವನ್ನು ಮುಚ್ಚಲು ಮೈಕ್ರೋಸಾಫ್ಟ್ ಕಳಿಸಿದ ಅಪ್‌ಡೇಟು ಎರಡು ವ್ಯವಸ್ಥೆಗಳಿರುವ ಯಂತ್ರಗಳನ್ನು ಮುಟ್ಟಬಾರದಿತ್ತು. ಆದರೂ ಮುಟ್ಟಿತು, ಅನೇಕರ ಲಿನಕ್ಸ್ ಭದ್ರತಾ ನಿಯಮದ ಉಲ್ಲಂಘನೆ ಎಂಬ ಸಂದೇಶ ತೋರಿಸಿ ನಿಂತುಬಿಟ್ಟಿತು. ಯಾರ ಪಾಲಿನ ಕಡತವೂ ಹಾಳಾಗಿರಲಿಲ್ಲ. ಲಿನಕ್ಸಿನ ಪೆನ್‌ಡ್ರೈವನ್ನು ಕೆಲಸ ಮುಗಿದ ಮೇಲೂ ಅಳಿಸದೆ ಇಟ್ಟುಕೊಳ್ಳಬೇಕಾದದ್ದು ಇಂಥ ದಿನಕ್ಕೆ.

ಎರಡನೆಯದು ಅರೆನಿದ್ದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ತನ್ನ ಒಳಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ, ಮರುದಿನ ಡಿಸ್ಕು ತಾನು ಬಿಟ್ಟಂತೆಯೇ ಇದೆ ಎಂದು ನಂಬಿ ಏಳುತ್ತದೆ. ನಡುವೆ ಲಿನಕ್ಸ್ ಬಂದು ಅದೇ ಡ್ರೈವಿನಲ್ಲಿ ಒಂದು ಕಡತ ಬರೆದಿದ್ದರೆ ಎರಡು ಲೆಕ್ಕವೂ ತಾಳೆಯಾಗದೆ ಕಡತ ಕೆಡುತ್ತದೆ. ಅದಕ್ಕೆಂದೇ ಲಿನಕ್ಸ್ ಇಂಥ ಡ್ರೈವಿನ ಮೇಲೆ ಬರೆಯಲು ಒಪ್ಪುವುದಿಲ್ಲ. ಅದನ್ನು ಒತ್ತಾಯಿಸಿ ಬರೆಸುವ ಬದಲು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ಪನ್ನೇ ನಿಲ್ಲಿಸಿಡಬೇಕು.

ಮೂರನೆಯದು ಗಡಿಯಾರ. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಜಾಗತಿಕ ಪ್ರಮಾಣ ಸಮಯ ಎಂದು ಲಿನಕ್ಸ್. ನಮಗೂ ಅದಕ್ಕೂ ಐದೂವರೆ ಗಂಟೆಯ ಅಂತರ. ಲಿನಕ್ಸ್ ಬಳಸಿ ಮುಚ್ಚಿ, ಬೆಳಿಗ್ಗೆ 10ಕ್ಕೆ ವಿಂಡೋಸ್ ತೆರೆದರೆ 4.30 ಎಂದು ತೋರಿಸುವುದು ಇದರಿಂದ. ಡಿಸ್ಕಿಗೆ ಇದರಿಂದ ಏನೂ ಆಗದು. ತಪ್ಪಾದ ಗಡಿಯಾರದಿಂದ ವೆಬ್‌ಸೈಟುಗಳು ತೆರೆಯಲು ತಕರಾರು ಮಾಡಬಹುದು. ಲಿನಕ್ಸಿಗೆ ಸ್ಥಳೀಯ ಸಮಯವನ್ನೇ ಪಾಲಿಸು ಎಂದು ಒಂದು ಆದೇಶ ಕೊಟ್ಟರೆ ತೀರಿತು.

ನಾಲ್ಕನೆಯದೇ ಎಲ್ಲಕ್ಕಿಂತ ದುಬಾರಿ. ಇತ್ತೀಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಬಳಕೆದಾರರಿಗೆ ಗೊತ್ತಾಗದಂತೆಯೇ ಚಾಲೂ ಇರುತ್ತದೆ. ಡಿಸ್ಕಿನ ಬೀಗದ ಕೈ ಟಿಪಿಎಂ ಚಿಪ್ಪಿನಲ್ಲಿರುತ್ತದೆ. ಯಂತ್ರ ಏಳುವ ಕ್ರಮ ಬದಲಾಗಿದೆ ಎಂದು ಕಂಡರೆ ಚಿಪ್ಪು ಕೀಲಿ ಕೊಡುವುದಿಲ್ಲ, 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಲಿನಕ್ಸ್ ಹಾಕುವುದೆಂದರೆ ಏಳುವ ಕ್ರಮ ಬದಲಾಗುವುದೆಂದೇ ಅರ್ಥ. ಆ ಅಂಕಿಗಳನ್ನು ಮೊದಲೇ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಬೇಕು. ಕೀ ಎಲ್ಲೂ ಇಲ್ಲದಿದ್ದರೆ, ರಿಪೇರಿ ಅಂಗಡಿಯವರೂ ಡಿಸ್ಕಿನಲ್ಲಿರುವ ಫೋಟೊಗಳನ್ನು, ಅಂಕಪಟ್ಟಿಗಳನ್ನು ಹೊರತೆಗೆಯಲಾರರು.

ಇಷ್ಟು ಅರ್ಥವಾದರೆ ಕೆಲಸದ ಕ್ರಮ ತಾನಾಗಿ ಸಿಗುತ್ತದೆ. ಮುಖ್ಯ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಅಲ್ಲಿಂದ ಒಂದೆರಡನ್ನು ತೆರೆದು ನೋಡುವುದು. ರಿಕವರಿ ಕೀ ಬರೆದಿಟ್ಟುಕೊಂಡು ಬಿಟ್‌ಲಾಕರನ್ನು, ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸುವುದು. ವಿಂಡೋಸಿನೊಳಗಿಂದ ಪಾಲು ಕುಗ್ಗಿಸಿ, ಅದು ಸರಿಯಾಗಿ ಏಳುತ್ತದೆಯೇ ಎಂದು ಪರೀಕ್ಷಿಸುವುದು. ಆಮೇಲೆ ಖಾಲಿ ಬಿಟ್ಟ ಜಾಗಕ್ಕಷ್ಟೇ ಲಿನಕ್ಸ್ ಹಾಕುವುದು. ಉಬುಂಟು ಕೇಳುವುದು 25 ಜಿಬಿ. ಲ್ಯಾಬಿನ ಕೆಲಸಕ್ಕೆ 60ರಿಂದ 80 ಜಿಬಿ ಕೊಟ್ಟರೆ ಉಸಿರಾಡಲು ಜಾಗವಿರುತ್ತದೆ. ಅನುಸ್ಥಾಪನೆಯ ಪರದೆಯಲ್ಲಿ ‘ಡಿಸ್ಕ್ ಪೂರ್ತಿ ಅಳಿಸು’ ಎಂಬ ಆಯ್ಕೆ ‘ವಿಂಡೋಸ್ ಪಕ್ಕದಲ್ಲಿ ಹಾಕು’ ಎಂಬುದರ ಹತ್ತಿರವೇ ಇರುತ್ತದೆ, ಅಲ್ಲಿ ಕಣ್ಣು ತಪ್ಪಬಾರದು. ಬರಿಯ ದಾಖಲೆ ಅಳಿಸಿಹೋಗಿದ್ದರೆ ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶ ಡಿಸ್ಕನ್ನು ತಡಕಿ ಹಳೆಯ ಗೆರೆಗಳನ್ನು ಹುಡುಕಿಕೊಡಬಲ್ಲದು, ಆದರೆ ಆ ಜಾಗದ ಮೇಲೆ ಏನನ್ನೂ ಬರೆದಿರಬಾರದು. ಎಸ್‌ಎಸ್‌ಡಿಯಲ್ಲಿ ಈ ಆಸೆಯೂ ಕಡಿಮೆ. ಅಲ್ಲಿ ಫಾರ್ಮ್ಯಾಟ್ ಮಾಡುವಾಗಲೇ ಟ್ರಿಮ್ ಎಂಬ ಸೂಚನೆ ಹೋಗಿ, ಆ ಜಾಗದಲ್ಲಿದ್ದುದನ್ನು ಡಿಸ್ಕು ಒಳಗೊಳಗೇ ತೊಳೆದುಬಿಡಬಹುದು.

ಎಲ್ಲರಿಗೂ ಈ ಪಾಲು ಬೇಕಿಲ್ಲ. ಎರಡು ಶೆಲ್ ಪ್ರೋಗ್ರಾಂ ಓಡಿಸಲು ವಿಂಡೋಸಿನೊಳಗಿನ ವರ್ಚುವಲ್ ಮಷೀನ್ ಸಾಕು. ಡಿಸ್ಕಿಡಲು ಇನ್ನೊಂದು ಜಾಗವಿರುವ ಯಂತ್ರವಾದರೆ ಲಿನಕ್ಸಿಗೆ ಪ್ರತ್ಯೇಕ ಚಿಕ್ಕ ಎಸ್‌ಎಸ್‌ಡಿ ಕೊಂಡು, ಅದರಲ್ಲೇ ಬೇರೆ ಇಎಸ್‌ಪಿ ಮಾಡಿಕೊಂಡರೆ ಎಬ್ಬಿಸುವ ಕಡತಗಳೂ ಬೇರೆಬೇರೆಯಾಗುತ್ತವೆ. ಒಂದೇ ಡಿಸ್ಕಿನಲ್ಲಿ ಎರಡನ್ನು ಇಡುವುದು ಸರಿಹೋಗುವುದು ರ‍್ಯಾಮ್ ಕಡಿಮೆಯಿರುವ, ಡಿಸ್ಕ್ ಒಂದೇ ಇರುವ, ಎರಡೂ ವ್ಯವಸ್ಥೆಗಳು ದಿನವೂ ಪೂರ್ಣ ಬಲದಲ್ಲಿ ಬೇಕಾಗುವ ಲ್ಯಾಪ್‌ಟಾಪಿಗೆ. ನಮ್ಮ ಊರುಗಳ ಮನೆಗಳಲ್ಲಿ ಒಂದೇ ಯಂತ್ರವನ್ನು ಓದುವ ಮಕ್ಕಳೂ ದುಡಿಯುವ ದೊಡ್ಡವರೂ ಹಂಚಿಕೊಳ್ಳುವುದರಿಂದ ಅಂಥ ಲ್ಯಾಪ್‌ಟಾಪುಗಳೇ ಹೆಚ್ಚು. ಅವರು ಡಿಸ್ಕನ್ನು ಎಷ್ಟು ಪಾಲು ಮಾಡಬೇಕೆಂದು ಲೆಕ್ಕಹಾಕುವ ಮೊದಲು, ಪಾಲಾದ ಮೇಲೂ ಯಾವುದು ಇಬ್ಬರಿಗೂ ಸೇರಿದ್ದಾಗಿ ಉಳಿಯುತ್ತದೆ ಎಂದು ಕೇಳಿಕೊಳ್ಳಲಿ.