ಜರ್ಮನ್ ಮನೆಯ ಹುಳಿಕೋಸು

ಹೈನ್ರಿಷ್ ಹೈನೆ ಜರ್ಮನ್ ಭಾಷೆಯ ಹಿರಿಯ ಕವಿಗಳಲ್ಲೊಬ್ಬ. 1831ರಲ್ಲಿ ಪ್ಯಾರಿಸಿಗೆ ಹೋಗಿ ನೆಲೆಸಿದ ಆತ ಹನ್ನೆರಡು ವರ್ಷಗಳ ತರುವಾಯ, 1843ರಲ್ಲಿ, ತಾಯ್ನಾಡನ್ನು ನೋಡಲು ಬಂದನು. ಆ ಪ್ರಯಾಣದಿಂದ ಹುಟ್ಟಿದ ‘ಜರ್ಮನಿ: ಒಂದು ಚಳಿಗಾಲದ ಕಥೆ’ ಎಂಬ ಕಾವ್ಯ ಮರುವರ್ಷ ಅಚ್ಚಾಯಿತು. ಅದರ ಉದ್ದಕ್ಕೂ ಅರಸೊತ್ತಿಗೆಗೆ ಚಾಟಿಯೇಟು ಕೊಡುವ ಕವಿ, ಹಾಗೆನ್ ಎಂಬ ಊರಿನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಮಾತ್ರ ಮೆತ್ತಗಾಗುತ್ತಾನೆ. ಮೇಜಿನ ಮೇಲಿನ ಒಂದು ಪದಾರ್ಥಕ್ಕೆ ವಂದನೆ ಹೇಳುತ್ತಾನೆ. ಆ ಪದಾರ್ಥವೇ ಝೌವರ್‌ಕ್ರೌಟ್, ಎಂದರೆ ಹುಳಿ ಬರಿಸಿದ ಎಲೆಕೋಸು. ವ್ಯಂಗ್ಯದ ಕವಿಯಾದುದರಿಂದ ವಂದನೆಯಲ್ಲಿಯೂ ತುಸು ನಗೆಯುಂಟು. ಆದರೆ ಹಂಬಲ ಸುಳ್ಳಲ್ಲ.

ಇದು ಬರಿಯ ನಾಲಗೆಯ ಚಪಲಕ್ಕಾಗಿ ಹುಟ್ಟಿದ ತಿನಿಸಲ್ಲ. ಚಳಿಗಾಲಕ್ಕೆ ಅಂಜಿ ಕೂಡಿಟ್ಟುಕೊಂಡ ಕಾಪು. ಹಿಮ ಬಿದ್ದ ಮೇಲೆ ತಿಂಗಳುಗಟ್ಟಲೆ ಹಸಿರೆಲೆ ಕಾಣದ ನಾಡಿನಲ್ಲಿ ನೆಲಮಾಳಿಗೆಯ ಭರಣಿಯೊಂದೇ ತರಕಾರಿಯ ತೋಟವಾಗಿತ್ತು.

ಮಾಡುವ ಬಗೆ ಅತಿ ಸರಳ, ಆದರೆ ಸಡಿಲವಲ್ಲ. ಬಿಗಿಯಾದ ಬಿಳಿ ಕೋಸನ್ನು ಎಳೆಎಳೆಯಾಗಿ ಹೆಚ್ಚಿ, 1 ಕಿಲೋಗ್ರಾಂ ಕೋಸಿಗೆ 20 ಗ್ರಾಂ ಉಪ್ಪನ್ನು ಬೆರೆಸಬೇಕು. ಉಪ್ಪನ್ನು ತೂಗಿಯೇ ಹಾಕುವುದು ಮೇಲು. ಇಲ್ಲಿ ಕೈಯಳತೆಯನ್ನು ನೆಚ್ಚುವಂತಿಲ್ಲ. ಚೆನ್ನಾಗಿ ಹಿಸುಕಿದರೆ ಕೋಸು ತನ್ನ ನೀರನ್ನು ತಾನೇ ಬಿಡುತ್ತದೆ. ವಿನೆಗರ್ ಹಾಕಿ ಹುಳಿ ಮಾಡುತ್ತಾರೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಒಂದಿಷ್ಟು ಜುನಿಪರ್ ಹಣ್ಣು, ನಮ್ಮ ಜೀರಿಗೆಯ ದಾಯಾದಿಯಂತಿರುವ ಕ್ಯುಮೆಲ್ ಕಾಳು ಸೇರಿಸಿ, ಗಾಳಿ ಉಳಿಯದಂತೆ ಭರಣಿಗೆ ಗಿಡಿದು, ಮೇಲೆ ಭಾರವಿಡಬೇಕು. ಕೋಸು ತನ್ನ ರಸದಲ್ಲಿ ಪೂರ್ತಿ ಮುಳುಗಿರಬೇಕೆಂಬುದೇ ಇಲ್ಲಿಯ ಮುಖ್ಯ ನಿಯಮ. ಜರ್ಮನರ ಭರಣಿಯ ಕಂಠದ ಸುತ್ತ ಕಾಲುವೆಯಂತಹ ಅಂಚಿರುತ್ತದೆ. ಅದರಲ್ಲಿ ನೀರು ತುಂಬಿ ಮುಚ್ಚಳವನ್ನಿಟ್ಟರೆ ಒಳಗಿನ ಅನಿಲ ಗುಳುಗುಳು ಎಂದು ಹೊರಬೀಳುತ್ತದೆ, ಹೊರಗಿನ ಗಾಳಿ ಒಳಹೋಗದು.

ಒಳಗೆ ನಡೆಯುವುದೇನು? ಕೋಸಿನ ಎಲೆಯ ಮೇಲೆಯೇ ಇರುವ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತವೆ. ಕೊಳೆಯಿಸುವ ಜೀವಿಗಳಿಗೆ ಉಪ್ಪೂ ಹುಳಿಯೂ ಒಗ್ಗುವುದಿಲ್ಲ. ಮೊದಲ ದಿನಗಳ ಕೆಲಸವನ್ನು ನಡೆಸುವುದು ಲ್ಯೂಕೊನೋಸ್ಟಾಕ್ ಎಂಬ ಜೀವಿ. ನಮ್ಮ ಇಡ್ಲಿಯ ಹಿಟ್ಟನ್ನು ಉಬ್ಬಿಸುವುದೂ ಅದೇ ಎಂದರೆ ಕೇಳಿದವರಿಗೆ ಸೋಜಿಗವಾದೀತು. ನಮ್ಮಲ್ಲಿ ಒಂದಿರುಳಿನ ಕೆಲಸ, ಅಲ್ಲಿ ನಾಲ್ಕರಿಂದ ಆರು ವಾರ. 18ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅದಕ್ಕೆ ಹಿತ. ಸೆಕೆ ಹೆಚ್ಚಿದರೆ ಕೋಸು ಬೇಗ ಹುಳಿತು ಮೆದುವಾಗಿಬಿಡುತ್ತದೆ. ಮೇಲೆ ತೆಳುವಾದ ಬಿಳಿಯ ಕೆನೆ ಕಂಡರೆ ತೆಗೆದುಹಾಕಿದರಾಯಿತು. ಬಣ್ಣದ ಬೂಸು ಹಿಡಿದರೆ ಮಾತ್ರ ಲೋಭ ಮಾಡದೆ ಭರಣಿಯನ್ನೆಲ್ಲ ಚೆಲ್ಲತಕ್ಕದ್ದು.

ಹಾಗೆಯೇ ತಿನ್ನಲೂಬಹುದು, ಬೇಯಿಸಿದರೆ ಇನ್ನೊಂದು ರುಚಿ. ಈರುಳ್ಳಿಯನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವುದು ಅವರ ವಾಡಿಕೆ. ಮಾಂಸ ಒಲ್ಲದವರಿಗೆ ಬೆಣ್ಣೆಯಾದರೂ ನಡೆಯುತ್ತದೆ. ಅದಕ್ಕೆ ಕೋಸು, ಹೆಚ್ಚಿದ ಸೇಬು, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಕೊನೆಗೆ ಒಂದು ಹಸಿ ಆಲೂಗಡ್ಡೆಯನ್ನು ತುರಿದು ಹಾಕಿದರೆ ರಸ ಗಟ್ಟಿಯಾಗುತ್ತದೆ. ಸೇಬಿನ ಸಿಹಿ ಹುಳಿಯ ಮೊನೆಯನ್ನು ಮುರಿಯುತ್ತದೆ. ಜೊತೆಗೆ ಬೇಯಿಸಿದ ಆಲೂಗಡ್ಡೆ ಇದ್ದೇ ಇರಬೇಕು.

ಒಂದು ಜನದ ಊಟವೇ ಅವರಿಗೆ ಬೈಗುಳವಾದದ್ದೂ ಉಂಟು. ಮಹಾಯುದ್ಧಗಳಲ್ಲಿ ಇಂಗ್ಲಿಷರೂ ಅಮೆರಿಕನ್ನರೂ ಜರ್ಮನ್ ಸಿಪಾಯಿಯನ್ನು ‘ಕ್ರೌಟ್’ ಎಂದು ಹಳಿದರು. 1918ರ ಅಮೆರಿಕದಲ್ಲಂತೂ ಶತ್ರುವಿನ ಹೆಸರು ಬೇಡವೆಂದು ಇದನ್ನು ‘ಸ್ವಾತಂತ್ರ್ಯದ ಕೋಸು’ ಎಂದು ಕರೆದರು. ಹೆಸರು ಬದಲಾದರೂ ತಿನ್ನುವುದನ್ನು ಬಿಡಲಿಲ್ಲ ನೋಡಿ!

ವಿಲ್ಹೆಲ್ಮ್ ಬುಷ್‌ನ ‘ಮಾಕ್ಸ್ ಮತ್ತು ಮೋರಿಟ್ಸ್’ ಎಂಬ 1865ರ ಚಿತ್ರಕಥೆಯನ್ನು ಜರ್ಮನ್ ಮಕ್ಕಳು ಇಂದಿಗೂ ಓದುತ್ತಾರೆ. ಅದರಲ್ಲಿ ಬೋಲ್ಟೆ ಎಂಬ ವಿಧವೆ ಒಲೆಯ ಮೇಲೆ ಕೋಳಿಗಳನ್ನು ಹುರಿಯಲಿಟ್ಟು, ಹುಳಿಕೋಸು ತರಲೆಂದು ನೆಲಮಾಳಿಗೆಗೆ ಇಳಿಯುತ್ತಾಳೆ. ಅಷ್ಟರಲ್ಲಿ ತುಂಟ ಹುಡುಗರಿಬ್ಬರು ಹೊಗೆಗೂಡಿನಿಂದ ಗಾಳ ಇಳಿಬಿಟ್ಟು ಕೋಳಿಗಳನ್ನು ಮೇಲಕ್ಕೆಳೆಯುತ್ತಾರೆ. ಆ ವಿಧವೆಗೆ ಮತ್ತೆ ಬಿಸಿಮಾಡಿದ ಕೋಸೆಂದರೆ ಬಲು ಪ್ರೀತಿಯಂತೆ. ಅದು ಕಥೆಗಾರನ ಕಲ್ಪನೆಯಲ್ಲ. ನಮ್ಮ ಮನೆಗಳ ನಿನ್ನೆಯ ಹುಳಿಯಂತೆ ಇದಕ್ಕೂ ರುಚಿ ಕೂಡುವುದು ಎರಡನೆಯ ದಿನ. ಆದುದರಿಂದ ಬಲ್ಲವರು ಒಮ್ಮೆಗೇ ಎರಡು ದಿನಕ್ಕಾಗುವಷ್ಟು ಬೇಯಿಸುತ್ತಾರೆ.